ಯಾವೂರ ಹುಡುಗ ಎಂದು ಕೇಳುವ ಮೊದಲು

ಬಳ್ಳಾರಿ ರೈಲು ನಿಲ್ದಾಣದಿಂದ ಗುಂತಕಲ್ ಜಂಕ್ಷನ್‌ಗೆ ಹೆಚ್ಚುಕಡಿಮೆ 50 ಕಿಲೋಮೀಟರ್. ಅಲ್ಲಿಂದ ಮುಂಬೈ, ಚೆನ್ನೈ, ಬೆಂಗಳೂರು, ಹೈದರಾಬಾದ್ ಎಲ್ಲ ದಿಕ್ಕಿಗೂ ಗಾಡಿಗಳಿವೆ. ಇತ್ತ ಹೊಸಪೇಟೆ, ಹುಬ್ಬಳ್ಳಿಯ ದಾರಿ. ಇಂಥ ಕೂಡುದಾರಿಯ ಊರಿಗೆ ಯಾರ ಕೈಯನ್ನೂ ಹಿಡಿಯದೆ ಇಳಿಯುವ ಮಕ್ಕಳು ಹೊಸಬರೇನಲ್ಲ. ನಿಲ್ದಾಣದಿಂದ ಹೊರಬಿದ್ದರೆ ಬ್ರೂಸ್‌ಪೇಟೆ, ಬೆಂಗಳೂರು ರಸ್ತೆಯ ಗದ್ದಲ. ಬಟ್ಟೆ ಅಂಗಡಿ, ಹೋಟೆಲು, ಗ್ಯಾರೇಜು, ಸಂದಿಗೊಂದಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು. ಹನ್ನೆರಡು ಹದಿಮೂರರ ಹುಡುಗನೊಬ್ಬ ಇಲ್ಲಿ ಸುಳಿದಾಡಿದರೆ ಯಾರಾದರೊಬ್ಬರು ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಯಾವೂರು, ಯಾರ ಮಗ? ಉತ್ತರ ಸಿಕ್ಕರೆ ಮುಂದಿನ ಮಾತು ಸಿದ್ಧವಾಗಿರುತ್ತದೆ, ‘ಊರಿಗೆ ಕಳಿಸಿಬಿಡ್ರಿ’. ಉತ್ತರ ಸಿಗದಿದ್ದರೆ ಅನುಮಾನ ಶುರು. ಈ ಎರಡರ ನಡುವೆ ಮೂರನೆಯ ಪ್ರಶ್ನೆಯೊಂದು ಬಿಟ್ಟುಹೋಗುತ್ತದೆ. ಯಾಕೆ ಬಂದೆಯಪ್ಪಾ ಎಂಬುದು. ಒಂಟಿಯಾಗಿ ಬಂದ ಮಗುವನ್ನು ಮನುಷ್ಯರಂತೆ ನಡೆಸಿಕೊಳ್ಳುವುದು ಎಂದರೆ ಮುಖ್ಯವಾಗಿ ಇಷ್ಟೇ: ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವ ಮೊದಲು ಯಾಕೆ ಬಂತೆಂದು ಕೇಳುವುದು, ಕೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ಇದು ದಯೆಯ ಮಾತಷ್ಟೇ ಅಲ್ಲ, ನಮ್ಮ ಕಾನೂನು ಹೇಳುವುದೂ ಇದನ್ನೇ.

ರೈಲ್ವೆ ರಕ್ಷಣಾ ಪಡೆಯ ಲೆಕ್ಕ ನೋಡಿ. ‘ನನ್ಹೇ ಫರಿಶ್ತೆ’ ಎಂಬ ಕಾರ್ಯಾಚರಣೆಯಡಿ 2018ರಿಂದ 2024ರ ಮೇ ತಿಂಗಳವರೆಗೆ ದೇಶದ ನಿಲ್ದಾಣಗಳಲ್ಲಿ, ಗಾಡಿಗಳಲ್ಲಿ ಸಿಕ್ಕ ಮಕ್ಕಳು 84,119. ಮೊದಲ ವರ್ಷವೊಂದರಲ್ಲೇ 17,112. ಆ 17,112ರಲ್ಲಿ ಮನೆ ಬಿಟ್ಟು ಓಡಿಬಂದವರು 13,187, ಅಂದರೆ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು. ಅಪಹರಣಕ್ಕೊಳಗಾದವರೆಂದು ದಾಖಲಾದವರು 87 ಮಂದಿ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಗೆ ಊರೂರೇ ದೊಣ್ಣೆ ಹಿಡಿದು ನಿಂತದ್ದು, ಅಮಾಯಕರನ್ನು ಬಡಿದು ಕೊಂದದ್ದು ಇದೇ 2018ರಲ್ಲಿ ಎಂಬುದನ್ನು ನೆನೆದರೆ ಈ ಅಂಕಿ ಇನ್ನಷ್ಟು ಚುಚ್ಚುತ್ತದೆ. ನಮ್ಮ ಭಯವೆಲ್ಲ ಹೊರಗಿನಿಂದ ಬಂದು ಎತ್ತಿಕೊಂಡು ಹೋಗುವವನ ಮೇಲೆ. ಮಕ್ಕಳನ್ನು ಹೊರಕ್ಕೆ ನೂಕುತ್ತಿರುವುದೋ ಹೆಚ್ಚಿನ ಪಾಲು ಒಳಗಿನದು. ಓಡಿಬಂದ ಮಗು ಯಾವುದರಿಂದಲೋ ಓಡಿದೆ. ಅದು ಪರೀಕ್ಷೆಯಲ್ಲಿ ಫೇಲಾದ ಹೆದರಿಕೆ ಇರಬಹುದು, ಸಿನಿಮಾದ ಹುಚ್ಚಿರಬಹುದು, ಕುಡಿದುಬಂದು ಬಾರಿಸುವ ಅಪ್ಪನಿರಬಹುದು, ನಿಶ್ಚಯವಾದ ಮದುವೆಯಿರಬಹುದು. ಈ ನಾಲ್ಕಕ್ಕೂ ‘ಊರಿಗೆ ಕಳಿಸಿಬಿಡ್ರಿ’ ಎಂಬ ಒಂದೇ ಮದ್ದು ಹೇಗಾದೀತು?

ಕಾನೂನು ಈ ಪ್ರಶ್ನೆಯನ್ನು ಆಗಲೇ ಯೋಚಿಸಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಯಾರೇ ಆದರೂ ಮಗು. ಮನೆಯಿಲ್ಲದ, ದುಡಿಮೆಗೆ ಹಚ್ಚಿದ, ಬೀದಿಯಲ್ಲಿರುವ, ಕಳೆದುಹೋದ, ಓಡಿಬಂದ, ಮದುವೆಯ ಅಪಾಯದಲ್ಲಿರುವ ಮಗುವನ್ನು ಅದು ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಗು’ ಎಂದು ಕರೆಯುತ್ತದೆ. ಅಂಥ ಮಗುವನ್ನು ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ತಿಂಗಳಿಗೆ ಕನಿಷ್ಠ 20 ದಿನ ಸಭೆ ಸೇರಬೇಕು. ಸಭೆಯಿಲ್ಲದ ದಿನ ಒಬ್ಬ ಸದಸ್ಯರ ಮುಂದಾದರೂ ಮಗುವನ್ನು ಕರೆದೊಯ್ಯಬಹುದು. ಇದು ಕೋರ್ಟಿನಂತೆ ಕಾಣಬಾರದೆಂಬುದು ನಿಯಮಗಳ ಆಶಯ. ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಮಗುವಿನ ಭಾಷೆ ತಿಳಿಯದಿದ್ದರೆ ದುಭಾಷಿ ಬೇಕು. ಬಳ್ಳಾರಿಯಲ್ಲಿ ಇದು ಸಣ್ಣ ಮಾತಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಬಿಹಾರ, ಜಾರ್ಖಂಡ್, ಒಡಿಶಾದಿಂದ ಬಂದ ಕೂಲಿಕಾರರಿದ್ದಾರೆ. ಅವರ ಜಾಡು ಹಿಡಿದು ಬರುವ ಹುಡುಗನಿಗೆ ನಮ್ಮ ಕನ್ನಡವೂ ಬಾರದು, ತೆಲುಗೂ ಬಾರದು.

ಈ ಕಾಯ್ದೆಯಲ್ಲಿ ಎಲ್ಲಕ್ಕಿಂತ ತೂಕದ ಸಾಲು 40ನೇ ಕಲಮಿನಲ್ಲಿದೆ. ಮಗುವನ್ನು ಕುಟುಂಬಕ್ಕೆ ಮರಳಿಸುವುದೇ ಎಲ್ಲ ಸಂಸ್ಥೆಗಳ ಮುಖ್ಯ ಗುರಿ ಎಂದು ಅದು ಹೇಳುತ್ತದೆ. ಆದರೆ ಹಾಗೆ ಒಪ್ಪಿಸುವ ಮೊದಲು ತಂದೆ ತಾಯಿ ಅಥವಾ ಪೋಷಕರು ಮಗುವನ್ನು ನೋಡಿಕೊಳ್ಳಲು ತಕ್ಕವರೇ ಎಂದು ಸಮಿತಿ ಮನಗಾಣಬೇಕು. ಮನೆಗೆ ಕಳಿಸುವುದು ಗುರಿ, ವಿಚಾರಣೆ ದಾರಿ. ದಾರಿಯನ್ನು ಬಿಟ್ಟು ಗುರಿಗೆ ನೆಗೆಯುವ ಅವಸರವೇ ನಮ್ಮ ವ್ಯವಸ್ಥೆಯ ಹುಳುಕು. ಸಾಮಾಜಿಕ ತನಿಖಾ ವರದಿಗೆ ಕಾಯ್ದೆ 15 ದಿನ ಕೊಟ್ಟಿದೆ, ಒಟ್ಟು ವಿಚಾರಣೆಗೆ ನಾಲ್ಕು ತಿಂಗಳು. ಆದರೆ ಪತ್ರಿಕೆಗಳಲ್ಲಿ ‘ತಪ್ಪಿಸಿಕೊಂಡಿದ್ದ ಬಾಲಕ ಪೋಷಕರ ಮಡಿಲಿಗೆ’ ಎಂಬ ಸುದ್ದಿಗೆ ಇರುವ ಬೆಲೆ ತನಿಖಾ ವರದಿಗೆ ಎಲ್ಲಿಂದ ಬರಬೇಕು! ಬೇಗ ಕಳಿಸಿದವರು ಚುರುಕಿನವರೆನಿಸಿಕೊಳ್ಳುತ್ತಾರೆ. ಎರಡು ವಾರ ತಡೆದು ಮನೆಯ ಸ್ಥಿತಿ ತಿಳಿದುಕೊಂಡವರು ಅಡ್ಡಗಾಲು ಹಾಕುವವರೆನಿಸಿಕೊಳ್ಳುತ್ತಾರೆ.

ಮನೆಯ ಸ್ಥಿತಿ ಎಂದರೆ ಈ ಸೀಮೆಯಲ್ಲಿ ಏನು? ಸಿರುಗುಪ್ಪ, ಕುರುಗೋಡು ಕಡೆ ತುಂಗಭದ್ರೆಯ ಕಾಲುವೆ ನೀರು ಹರಿದಲ್ಲಿ ಭತ್ತ, ಮೆಣಸಿನಕಾಯಿ, ಹತ್ತಿ. ನೀರು ತಲುಪದ ಕಡೆ ಮಳೆ ಕೈಕೊಟ್ಟ ವರ್ಷ ಗುಳೆ. ಮೆಣಸಿನಕಾಯಿ ಬಿಡಿಸುವ ಕೆಲಸ ಜನವರಿಯಿಂದ ಏಪ್ರಿಲ್ ತನಕ, ಸರಿಯಾಗಿ ಶಾಲೆಯ ಪರೀಕ್ಷೆಯ ಹೊತ್ತಿಗೆ. ತೂಕದ ಲೆಕ್ಕದಲ್ಲಿ ಕೂಲಿ ಕೊಡುವಾಗ ಮನೆಯಲ್ಲಿ ಎಷ್ಟು ಕೈಗಳಿವೆಯೋ ಅಷ್ಟು ಚೀಲ. ಹಾಗಾಗಿ ಮಕ್ಕಳ ಕೈಯೂ ಲೆಕ್ಕಕ್ಕೆ ಬರುತ್ತದೆ. ಅಪ್ಪ ಅಮ್ಮನ ಜೊತೆ ಹೋಗುವ ಮಕ್ಕಳು ಒಂದು ಬಗೆ. ಮೇಸ್ತ್ರಿ ಮುಂಗಡ ಕೊಟ್ಟು, ಸೋದರಮಾವನದೋ ಪಕ್ಕದ ಮನೆಯವರದೋ ಹೆಸರು ಹೇಳಿ ಗಾಡಿ ಹತ್ತಿಸುವ ಮಕ್ಕಳು ಇನ್ನೊಂದು ಬಗೆ. ಎರಡನೆಯವರು ಗುಂಪಿನಲ್ಲಿದ್ದರೂ ಒಂಟಿಗಳೇ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಬಿದ್ದಾಗ ತೆಲಂಗಾಣದ ಮೆಣಸಿನಕಾಯಿ ಹೊಲಗಳಿಂದ ಛತ್ತೀಸಗಢದ ತನ್ನೂರಿಗೆ ಊರವರ ಗುಂಪಿನೊಂದಿಗೆ ಮೂರು ದಿನ ನಡೆದ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಮನೆ ಇನ್ನೇನು ಹತ್ತಿರವಿರುವಾಗಲೇ ಸತ್ತಳು. ಹೆತ್ತವರು ಜೊತೆಯಲ್ಲಿರಲಿಲ್ಲ. ಆಗ ಅವಳ ಹೆಸರು ದೇಶದ ಬಾಯಲ್ಲಿತ್ತು. ಅಂಥ ಗಾಡಿಗಳು ನಿಂತವೆಂದು ಯಾರೂ ಹೇಳಲಾರರು.

ಬಳ್ಳಾರಿಗೆ ಇದರ ಇನ್ನೊಂದು ಮುಖವೂ ಗೊತ್ತು. 2000ದ ದಶಕದ ಮಧ್ಯದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ನೆಗೆದಾಗ ಹೊಸಪೇಟೆ, ಸಂಡೂರು ಕಡೆಯ ಗುಂಡಿಗಳಲ್ಲಿ ಮಕ್ಕಳು ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದುದನ್ನು ಸತ್ಯಶೋಧನಾ ತಂಡಗಳು ದಾಖಲಿಸಿದವು. ಕೆಂಧೂಳಿನಲ್ಲಿ ಮುಳುಗಿದ ಟೆಂಟು, ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಗುಂಡಿಗಳು ಖಾಲಿಯಾದವು. ಆ ಕುಟುಂಬಗಳೇನು ಆವಿಯಾಗಲಿಲ್ಲ, ಬೇರೆಡೆಗೆ ಚದುರಿದವು. ಚದುರಿದ ಕುಟುಂಬದ ಮಗುವಿಗೆ ‘ಯಾವೂರು’ ಎಂದರೆ ಅದು ಯಾವ ಊರನ್ನು ಹೇಳಬೇಕು? ಹುಟ್ಟಿದ್ದು ಒಂದು ಕಡೆ, ಬೆಳೆದದ್ದು ಗುಂಡಿಯ ಪಕ್ಕ, ಅಮ್ಮ ಈಗ ಇರುವುದು ಇಟ್ಟಿಗೆ ಭಟ್ಟಿಯಲ್ಲಿ. ಉತ್ತರ ತಡವರಿಸಿದರೆ ಅದು ಸುಳ್ಳು ಹೇಳುತ್ತಿದೆ ಎಂದುಕೊಳ್ಳುವುದು ಸುಲಭ.

ಇಲ್ಲಿ ಒಂದು ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಹೆತ್ತವರಿಗಿಂತ ಹಿತವರು ಯಾರಿದ್ದಾರೆ, ಸರ್ಕಾರಿ ಬಾಲಮಂದಿರದ ಗೋಡೆಗಳ ನಡುವೆ ಇಡುವುದಕ್ಕಿಂತ ಬಡ ಮನೆಯಾದರೂ ಮನೆಯೇ ಮೇಲಲ್ಲವೇ ಎಂಬುದು. ಬಹುಪಾಲು ಸಲ ಹೌದು, ಮನೆಯೇ ಮೇಲು. ಸಂಸ್ಥೆಯಲ್ಲಿಡುವುದು ಕೊನೆಯ ಉಪಾಯ ಎಂದು ಕಾಯ್ದೆಯೇ ಹೇಳುತ್ತದೆ. ಬಿಹಾರದ ಮುಜಫ್ಫರ್‌ಪುರದ ಬಾಲಿಕಾಗೃಹದಲ್ಲಿ ನಡೆದದ್ದು 2018ರಲ್ಲಿ ಹೊರಬಿದ್ದ ಮೇಲೆ ಆಶ್ರಯವೆಂಬ ಬೋರ್ಡನ್ನು ಕಣ್ಣುಮುಚ್ಚಿ ನಂಬುವವರು ಇರಲಿಕ್ಕಿಲ್ಲ. ಆದರೆ ಬಾಲ್ಯವಿವಾಹ ತಪ್ಪಿಸಿಕೊಂಡು ಬಂದ ಹದಿನೈದರ ಹುಡುಗಿಯನ್ನು ಯೋಚಿಸಿ. ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಕರ್ನಾಟಕ ಕಾನೂನು ತಿದ್ದಿ ವರ್ಷಗಳಾದವು. ಆದರೂ ಅವಳನ್ನು ಮರುದಿನವೇ ಅಪ್ಪನ ಕೈಗೆ ಒಪ್ಪಿಸಿ ಒಂದು ಮುಚ್ಚಳಿಕೆ ಬರೆಸಿಕೊಂಡರೆ ಅವಳು ಮತ್ತೊಮ್ಮೆ ಓಡುವ ಧೈರ್ಯ ಮಾಡುವುದಿಲ್ಲ. ಅಥವಾ ಮಾಡಿದರೆ ಈ ಸಲ ಪೊಲೀಸರ ಕಣ್ಣಿಗೆ ಬೀಳದ ದಾರಿ ಹುಡುಕುತ್ತಾಳೆ, ಆ ದಾರಿಯಲ್ಲಿ ಕಾದಿರುವವರು ಬೇರೆಯೇ ಜನ. ಮನೆಯೇ ಮೇಲು ಎಂಬುದನ್ನು ಆ ಮನೆಯೇ ಸಾಬೀತು ಮಾಡಬೇಕು. ಹತ್ತರಲ್ಲಿ ಎಂಟು ಮನೆಗಳು ಒಂದು ವಾರದ ವಿಚಾರಣೆಯಲ್ಲಿ ಸಾಬೀತು ಮಾಡಿಯೂ ಬಿಡುತ್ತವೆಂದೇ ಇಟ್ಟುಕೊಳ್ಳೋಣ. ವಿಚಾರಣೆ ಇರುವುದು ಉಳಿದ ಎರಡಕ್ಕಾಗಿ.

ಇನ್ನು ಗಡಿಯಾಚೆಯ ಮಗು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಬಂದವು, ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಅಲ್ಲಿಯವರೆಗೆ ಇವೆಲ್ಲ ಒಂದೇ ಜಿಲ್ಲೆ. ಇಂದು ಆಲೂರಿನ ಹುಡುಗ ಸಿರುಗುಪ್ಪದ ಹೊಲದಲ್ಲಿ ಸಿಕ್ಕರೆ ಕಡತದಲ್ಲಿ ಆತ ಹೊರರಾಜ್ಯದವ. ಎರಡು ರಾಜ್ಯಗಳ ಸಮಿತಿಗಳ ನಡುವೆ ಪತ್ರ ಓಡಾಡಬೇಕು, ಜೊತೆಗೆ ಕಳಿಸಲು ಪೊಲೀಸರು ಬೇಕು, ಅವರ ಪ್ರಯಾಣ ಭತ್ಯೆಗೆ ಮಂಜೂರಾತಿ ಬೇಕು. ಕೂಗಳತೆಯ ಊರಿನ ಹುಡುಗನಿಗೇ ಹೀಗಾದರೆ ದೇಶದಾಚೆಯಿಂದ ಬಂದ ಮಗುವಿನ ಪಾಡೇನು? 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ. ಹಾಗೆಂದು ಕೈ ಖಾಲಿಯಿಲ್ಲ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿದೆ. ಸಂವಿಧಾನದ 21ನೇ ವಿಧಿ ಪ್ರಜೆಗಳಿಗೆ ಮಾತ್ರವಲ್ಲ, ಈ ನೆಲದ ಮೇಲಿರುವ ಪ್ರತಿ ವ್ಯಕ್ತಿಗೂ ಅನ್ವಯ ಎಂದು ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿತು. ಬಾಲನ್ಯಾಯ ಕಾಯ್ದೆಯ ‘ಮಗು’ ಎಂಬ ವ್ಯಾಖ್ಯೆಯಲ್ಲಿ ವಯಸ್ಸಿದೆ, ಪೌರತ್ವವಿಲ್ಲ. ಅಮೆರಿಕದ ಕಾನೂನು ಒಂಟಿಯಾಗಿ ಗಡಿ ದಾಟಿದ ಮಗುವನ್ನು 72 ಗಂಟೆಯೊಳಗೆ ಗಡಿ ಪೊಲೀಸರ ಕೈಯಿಂದ ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆಗೆ ವರ್ಗಾಯಿಸಬೇಕೆನ್ನುತ್ತದೆ. ನಮ್ಮದು 24 ಗಂಟೆ. ಕಾಗದದ ಮೇಲೆ ನಾವೇ ಮುಂದೆ.

ಆಚರಣೆಯಲ್ಲೂ ನಮಗೆ ಹೇಳಿಕೊಳ್ಳಲು ಒಂದು ಪರಂಪರೆಯಿದೆ. 1942ರಲ್ಲಿ ಸೋವಿಯತ್ ಗಡೀಪಾರಿನಿಂದ ಪಾರಾಗಿ ಬಂದ ನೂರಾರು ಪೋಲಿಷ್ ಮಕ್ಕಳಿಗೆ ನವಾನಗರದ ಜಾಮ್ ಸಾಹೇಬ ದಿಗ್ವಿಜಯಸಿಂಹಜಿ ಬಾಲಾಚಡಿಯಲ್ಲಿ ನೆಲೆ ಕೊಟ್ಟರು. ನಮ್ಮ ಗಡಿಗಂಟಿದ ಕೊಲ್ಹಾಪುರದ ವಳಿವಡೆಯಲ್ಲಿ ಸುಮಾರು 5,000 ಪೋಲಿಷ್ ನಿರಾಶ್ರಿತರು ಯುದ್ಧ ಮುಗಿದ ಮೇಲೂ ಇದ್ದರು. 1960ರಲ್ಲಿ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕೊಟ್ಟಿತು. ಅಲ್ಲಿಯ ವಸತಿ ಶಾಲೆಗಳಲ್ಲಿ ಓದಿದವರಲ್ಲಿ ಹೆತ್ತವರೇ ದಾರಿ ತೋರಿಸುವವನೊಬ್ಬನ ಕೈಗೆ ಒಪ್ಪಿಸಿ ಹಿಮಾಲಯ ದಾಟಿಸಿದ ಮಕ್ಕಳಿದ್ದಾರೆ. ಮತ್ತೆ ತಾಯಿಯ ಮುಖ ನೋಡಲಾಗದೆಯೇ ಬೆಳೆದವರಿದ್ದಾರೆ. ಸಿರುಗುಪ್ಪದ ನೆರೆಯ ಸಿಂಧನೂರಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಪುನರ್ವಸತಿ ಕ್ಯಾಂಪುಗಳು ಈಗ ಊರಿನಂತೆ ಊರುಗಳಾಗಿವೆ. ಆ ಕ್ಯಾಂಪುಗಳಿಂದ ಈ ಸೀಮೆ ಬಡವಾಯಿತೆಂದು ಯಾರೂ ದೂರಿದ್ದು ಕೇಳಿಲ್ಲ. ಅಲ್ಲಿಯ ಭತ್ತವನ್ನಂತೂ ಎಲ್ಲರೂ ಉಣ್ಣುತ್ತಾರೆ.

ಬರುವವರನ್ನು ಚೆನ್ನಾಗಿ ನೋಡಿಕೊಂಡರೆ ಇನ್ನಷ್ಟು ಜನ ಬರುತ್ತಾರೆ ಎಂಬುದು ಎರಡನೆಯ ಆಕ್ಷೇಪ, ಮತ್ತು ಪ್ರಪಂಚದೆಲ್ಲೆಡೆ ಸರ್ಕಾರಗಳ ಬಾಯಲ್ಲಿರುವ ಆಕ್ಷೇಪ. 2018ರಲ್ಲಿ ಅಮೆರಿಕ ತನ್ನ ದಕ್ಷಿಣ ಗಡಿಯಲ್ಲಿ ಸಾವಿರಾರು ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿದ್ದು ಇದೇ ತರ್ಕದಿಂದ. ನೋಡಿದವರು ಹೆದರಿ ಬರುವುದನ್ನು ಬಿಡಲಿ ಎಂದು. ಈ ತರ್ಕ ಬಳ್ಳಾರಿಗೆ ಹೊಸದಲ್ಲ, ಬಳ್ಳಾರಿ ಅದರ ಬೆಲೆ ತೆತ್ತ ಜಿಲ್ಲೆ. 1876ರಿಂದ 78ರ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತ್ಯದ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಇದೊಂದು. ಜನಸಂಖ್ಯೆಯ ಐದರಲ್ಲೊಂದು ಪಾಲು ಅಳಿಯಿತೆಂದು ಅಂದಾಜು. 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್ ಬಂದು ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಿಷ್ಟು ಪುಡಿಗಾಸಿಗೆ ಇಳಿಸಿದ. ಧಾರಾಳವಾಗಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ಮುಗಿಬೀಳುತ್ತಾರೆ ಎಂಬುದು ವಾದ. ಮನೆಯಿಂದ ಹತ್ತು ಮೈಲಿ ದೂರದ ಕಾಮಗಾರಿಗೇ ಹೋಗಬೇಕೆಂಬ ಪರೀಕ್ಷೆಯನ್ನೂ ಒಡ್ಡಿದರು. ಇಷ್ಟು ತಿಂದು ಆಳೊಬ್ಬ ದುಡಿಯಲಾರ ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಲೆಕ್ಕ ಸಮೇತ ಪ್ರತಿಭಟಿಸಿದ ಮೇಲೆ, ತಿಂಗಳುಗಳು ಕಳೆದ ಮೇಲೆ, ಕೂಲಿ ಏರಿತು. ಹಸಿದವರು ಪರಿಹಾರದ ಆಸೆಗೆ ಬರುವುದಿಲ್ಲ, ಹಸಿವು ನೂಕಿದಾಗ ಬರುತ್ತಾರೆ ಎಂಬುದು ಆಗಲೇ ರುಜುವಾತಾದ ಸಂಗತಿ. ಹೆದರಿಸಿದರೆ ಬರುವವರ ಸಂಖ್ಯೆ ಇಳಿಯದೆ ಸಾಯುವವರ ಸಂಖ್ಯೆ ಏರುತ್ತದೆ. ಮೇಸ್ತ್ರಿಯ ಗಾಡಿ ಹತ್ತುವ ಮಗುವಿಗೆ ಬಳ್ಳಾರಿಯ ಬಾಲಮಂದಿರದಲ್ಲಿ ಊಟ ಹೇಗಿದೆ ಎಂಬ ವರದಿಯೇನೂ ತಲುಪಿರುವುದಿಲ್ಲ.

ನಮ್ಮ ಮಕ್ಕಳಿಗೇ ಗತಿಯಿಲ್ಲದಿರುವಾಗ ಬೇರೆಯವರ ಚಿಂತೆ ಯಾಕೆ ಎಂಬ ಮಾತಿಗೆ ಉತ್ತರ ಇನ್ನೂ ಸರಳ. ಬ್ರೂಸ್‌ಪೇಟೆಯ ಫುಟ್‌ಪಾತಿನಲ್ಲಿ ಸಿಗುವ ಹುಡುಗ ಬಹುತೇಕ ಸಲ ನಮ್ಮವನೇ, ಪಕ್ಕದ ತಾಲೂಕಿನವನು ಅಥವಾ ಪಕ್ಕದ ಜಿಲ್ಲೆಯವನು. ಅವನಿಗಾಗಿ ಕಟ್ಟಿದ ವ್ಯವಸ್ಥೆಯೇ ಅಪರೂಪಕ್ಕೆ ಬರುವ ಒಡಿಶಾದ ಅಥವಾ ಬಾಂಗ್ಲಾದೇಶದ ಮಗುವಿಗೂ ಆಗುತ್ತದೆ. ಬೇರೆ ಬೇರೆ ಒಲೆ ಹೂಡಬೇಕಿಲ್ಲ. ಖರ್ಚಿನ ಮಾತಿಗೆ ಬಂದರೆ, ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಸಂಕಷ್ಟದ ಕುಟುಂಬದ ಮಗುವಿಗೆ ಮನೆಯಲ್ಲೇ ಇದ್ದು ಓದಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ನೆರವು ಸಿಗುತ್ತದೆ. ಒಂದು ಮೆಣಸಿನಕಾಯಿ ಸುಗ್ಗಿಯಲ್ಲಿ ಮಗುವಿನ ಪುಟ್ಟ ಕೈಗಳು ತರುವ ದುಡ್ಡಿಗೆ ಇದು ಸಾಟಿಯಾದೀತು. ಯಾಕೆ ಬಂದೆ ಎಂದು ಕೇಳಿ, ‘ಅವ್ವಗ ಆರಾಮಿಲ್ಲ, ಸಾಲ ಐತಿ’ ಎಂಬ ಉತ್ತರ ಕಡತಕ್ಕೆ ಬಂದರೆ ಮಾತ್ರ ಈ ನೆರವು ಆ ಮನೆಗೆ ತಲುಪುವ ಸಾಧ್ಯತೆ. ಕೇಳದೆ ಕಳಿಸಿದರೆ ಯೋಜನೆ ಕಚೇರಿಯಲ್ಲಿ, ಸಾಲ ಮನೆಯಲ್ಲಿ, ಹುಡುಗ ಮತ್ತೆ ಗಾಡಿಯಲ್ಲಿ.

ವಯಸ್ಸಿನ ತಕರಾರೂ ಇದೆ. ಇಪ್ಪತ್ತರವನು ಹದಿನೇಳೆಂದು ಸುಳ್ಳು ಹೇಳಿ ಸೌಲಭ್ಯ ಗಿಟ್ಟಿಸಬಹುದು, ನಿಜ. ಅದಕ್ಕೆ ಕಾಯ್ದೆ ಕ್ರಮವನ್ನು ಗೊತ್ತುಮಾಡಿದೆ. ನೋಟಕ್ಕೇ ಮಗುವೆಂದು ತಿಳಿದರೆ ಹಾಗೆಯೇ ದಾಖಲಿಸು. ಅನುಮಾನವಿದ್ದರೆ ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪಂಚಾಯಿತಿಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ನಮ್ಮ ಕಡೆ ಸುಳ್ಳು ಹೆಚ್ಚಾಗಿ ಇದರ ತದ್ವಿರುದ್ಧವಾಗಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಕೆಲಸ ಕೊಟ್ಟವನು ಹೇಳಿಕೊಟ್ಟಂತೆ ಹದಿಮೂರರ ಹುಡುಗ ತನಗೆ ಹದಿನೆಂಟು ಎನ್ನುತ್ತಾನೆ.

ಸಮಿತಿ, ಇಲಾಖೆಗಳ ಪಾತ್ರ ಶುರುವಾಗುವುದು ಮಗು ಅವರ ಕೈಗೆ ಬಂದ ಮೇಲೆ. ಅದಕ್ಕೂ ಮೊದಲಿನ ಗಂಟೆಗಳು ಹೋಟೆಲಿನವರ, ಆಟೊದವರ, ಅಂಗಡಿಯವರ ಕೈಯಲ್ಲಿರುತ್ತವೆ. ಒಂಟಿ ಮಗು ಕಂಡರೆ 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ ಹತ್ತಿರದ ಠಾಣೆಗೋ ಸಮಿತಿಗೋ ತಿಳಿಸುವುದು ಆ ಮಗು ಕೈಗೆ ಸಿಕ್ಕ ಯಾವುದೇ ನಾಗರಿಕನ ಕಾನೂನುಬದ್ಧ ಹೊಣೆ. ತಿಳಿಸದಿರುವುದೇ ಅಪರಾಧ. ‘ಪಾಪ, ಇರಲಿ’ ಎಂದು ಲೋಟ ತೊಳೆಯಲು ಇಟ್ಟುಕೊಳ್ಳುವುದು ದಯೆಯ ವೇಷದ ಬಾಲಕಾರ್ಮಿಕತನ. ಹದಿನಾಲ್ಕರೊಳಗಿನವರನ್ನು ದುಡಿಸಿಕೊಂಡರೆ 20,000ದಿಂದ 50,000 ರೂಪಾಯಿವರೆಗೆ ದಂಡ, ಜೈಲೂ ಉಂಟು. ಇನ್ನು ಮಗುವಿನ ಫೋಟೊ ತೆಗೆದು ‘ಈ ಬಾಲಕನ ಪೋಷಕರು ಸಿಗುವವರೆಗೆ ಶೇರ್ ಮಾಡಿ’ ಎಂದು ವಾಟ್ಸ್‌ಆ್ಯಪಿನಲ್ಲಿ ಹಂಚುವ ಚಟ. ಇದನ್ನು ಮಾಡುವವರೆಲ್ಲ ಒಳ್ಳೆಯ ಮನಸ್ಸಿನವರೇ. ಆದರೆ ಆ ಫೋಟೊ ಅಮ್ಮನಿಗೆ ತಲುಪುವಷ್ಟೇ ಸಲೀಸಾಗಿ ಮುಂಗಡದ ಬಾಕಿಗೆ ಹುಡುಕುತ್ತಿರುವ ಮೇಸ್ತ್ರಿಗೂ, ಮದುವೆ ಮುರಿದ ಸಿಟ್ಟಿನಲ್ಲಿರುವ ಬೀಗರಿಗೂ ತಲುಪುತ್ತದೆ. ಇಂಥ ಮಗುವಿನ ಗುರುತು ಬಹಿರಂಗಪಡಿಸಿದರೆ ಆರು ತಿಂಗಳವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ಕಾಯ್ದೆಯ 74ನೇ ಕಲಮು ಹೇಳುತ್ತದೆ. ಮಗು ಸುರಕ್ಷಿತ ಕೈ ಸೇರಿದ ವರ್ಷಗಳ ನಂತರವೂ ಆ ಫೋಟೊ ಗುಂಪಿನಿಂದ ಗುಂಪಿಗೆ ಸುತ್ತುತ್ತಲೇ ಇರುತ್ತದೆ.